ಮಡಿಕೇರಿಯ ಮನೆಯಲ್ಲಿ ಆರು ಜನ ಸೇರಿ ಬೇರೆ ಬೇರೆ ಬಿಯರ್ ರುಚಿ ನೋಡುವುದು ಹೇಗೆ? ಪಂದಿಕರಿಗೆ ಯಾವುದು ಹೊಂದುತ್ತದೆ?

ನಿಮ್ಮ ಪ್ರಶ್ನೆಯಲ್ಲಿ ಆರು ಜನ, ಒಂದು ಸಂಜೆ, ಕೊನೆಗೆ ಪಂದಿಕರಿ (ಕೊಡಗಿನ ಹಂದಿಮಾಂಸದ ಅಡುಗೆ), ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಊಟ ಇದೆ. ಇಲ್ಲಿಯವರೆಗೆ ಕುಡಿದದ್ದೆಲ್ಲ ಚಿಲ್ಡ್ ಸ್ಟ್ರಾಂಗ್ (ಆಲ್ಕೋಹಾಲ್ ಹೆಚ್ಚಿರುವ ಬಿಯರ್), ಹಾಗಾಗಿ ಎಲ್ಲ ಬಿಯರೂ ಒಂದೇ ಥರ ಅನ್ನಿಸುತ್ತದೆ ಅಂತಲೂ ಬರೆದಿದ್ದೀರಿ. ತೀರಾ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದೇ ಇಲ್ಲ. ಅದಕ್ಕೆ ಎಂಟು ಪರ್ಸೆಂಟ್ ಆಲ್ಕೋಹಾಲಿನ ಉರಿಯೂ ಸೇರಿದರೆ ಯಾವ ಬ್ರಾಂಡಾದರೂ ಒಂದೇ ಥರ ಕಾಣುವುದು ಸಹಜ.

ನಾಲ್ಕು ಬಿಯರ್ ಸಾಕು. ಮೊದಲು ಬಡ್‌ವೈಸರ್ ಮತ್ತು ಹೈನೆಕೆನ್, ಎರಡನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೇ ರುಚಿ ನೋಡಿ. ಎರಡೂ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿದ ತಿಳಿ ಬಿಯರ್; ಎರಡರಲ್ಲೂ ಆಲ್ಕೋಹಾಲ್ 5 ಪರ್ಸೆಂಟ್ ಆಸುಪಾಸು. ಬಡ್‌ವೈಸರಿಗೆ ಬಾರ್ಲಿಯ ಜೊತೆ ಅಕ್ಕಿ ಹಾಕುತ್ತಾರೆ, ಹೈನೆಕೆನ್‌ಗೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾತ್ರ. ಅಕ್ಕಿಯದ್ದು ನೀರಾಗಿ ಗಂಟಲಿಗಿಳಿಯುತ್ತದೆ, ಮಾಲ್ಟಿನದ್ದು ಬ್ರೆಡ್ಡಿನ ಅಂಚಿನ ರುಚಿಯನ್ನು ಸ್ವಲ್ಪ ಹೊತ್ತು ನಾಲಿಗೆ ಮೇಲೆ ಬಿಡುತ್ತದೆ. ಮೂರನೆಯದು ಹೂಗಾರ್ಡನ್, ಬೆಲ್ಜಿಯಂನ ಗೋಧಿ ಬಿಯರ್. ನಾಲ್ಕನೆಯದು ಸ್ಟೌಟ್, ಹುರಿದ ಬಾರ್ಲಿಯ ಕಪ್ಪು ಬಿಯರ್. ಐಪಿಎ, ಅಂದರೆ ಹಾಪ್ಸ್ ಎಂಬ ಬಳ್ಳಿಯ ಹೂವು ಹೆಚ್ಚು ಹಾಕಿದ ಕಹಿ ಬಿಯರ್, ಸಿಕ್ಕಿದರೆ ಹೂಗಾರ್ಡನ್ ಆದ ಮೇಲೆ ಇಡಿ, ಅದಕ್ಕಿಂತ ಮೊದಲು ಬೇಡ. ಹಾಪ್ಸಿನ ಕಹಿ ಒಮ್ಮೆ ನಾಲಿಗೆಗೆ ಹತ್ತಿದರೆ ಮೆಲುವಾದ ಬಿಯರ್ ಏನೂ ಅನ್ನಿಸುವುದಿಲ್ಲ.

ಕೊಳ್ಳುವಾಗ ಲೇಬಲ್ಲಿನ ತಯಾರಿ ದಿನಾಂಕ ನೋಡಿ. ಎರಡು ಮೂರು ತಿಂಗಳೊಳಗಿನದ್ದು ಒಳ್ಳೆಯದು. ಹಳತಾಗಿ, ಬಿಸಿಯಲ್ಲೂ ಕೂತಿದ್ದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಹಸಿರು ಬಾಟಲಿಯದ್ದಾದರೆ ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ನಿಲ್ಲಿಸಿದ್ದನ್ನು ತೆಗೆದುಕೊಳ್ಳಬೇಡಿ, ಪೆಟ್ಟಿಗೆಯಿಂದ ಕೊಡಿ ಅನ್ನಿ, ಇಲ್ಲವೇ ಕ್ಯಾನ್ ತನ್ನಿ. ಬೆಳಕು ತಗುಲಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಹಸಿರಿಗೆ ಆ ಶಕ್ತಿ ಕಡಿಮೆ.

ಅಳತೆ ಹೀಗೆ: ಪ್ರತಿ ಬಗೆಗೆ 650 ಎಂಎಲ್‌ನ ಒಂದು ಬಾಟಲಿ ಅಥವಾ 330ರ ಎರಡು. ರುಚಿ ನೋಡುವ ಸುತ್ತಿಗೆ ಪ್ರತಿ ಬಿಯರಿನಲ್ಲೂ ತಲೆಗೆ 60 ಎಂಎಲ್, ಉಳಿದದ್ದು ಊಟಕ್ಕೆ. ಪೆಗ್ ಮೆಜರಿನಲ್ಲಿ ಬಿಯರನ್ನೇ ಅಳೆಯಲು ಹೋದರೆ ನೊರೆಯೆಲ್ಲ ಅಲ್ಲೇ ಹೋಗುತ್ತದೆ. ಮೊದಲೇ 60 ಎಂಎಲ್ ನೀರು ಹಾಕಿ ಗ್ಲಾಸಿನ ಹೊರಗೆ ಗುರುತು ಮಾಡಿಟ್ಟುಕೊಳ್ಳಿ. ರುಚಿಯ ಸುತ್ತು, ಊಟ ಎರಡೂ ಸೇರಿ ನಾಲ್ಕು ಬಗೆಗೆ ಒಬ್ಬರಿಗೆ ಸುಮಾರು 430 ಎಂಎಲ್ ಆಗುತ್ತದೆ. ಸಂಪಾಜೆ ಘಾಟಿ ಇಳಿಯಬೇಕಾದವರು ಅವತ್ತು ನಿಮ್ಮಲ್ಲೇ ಉಳಿಯಲಿ.

ಗ್ಲಾಸಿನ ವಿಷಯದಲ್ಲಿ ಉದಾಸೀನ ಬೇಡ. ಪಂದಿಕರಿಯ ಕೊಬ್ಬು ತಾಗಿದ ಸ್ಪಂಜಿನಲ್ಲಿ ತೊಳೆದ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ. ಹೊಸ ಸ್ಪಂಜಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ. ಪರೀಕ್ಷೆ ಸುಲಭ. ಒದ್ದೆ ಗ್ಲಾಸಿನ ಒಳಗೆ ಪುಡಿ ಉಪ್ಪು ಉದುರಿಸಿ. ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸು ಚೊಕ್ಕಟ, ಅಲ್ಲಲ್ಲಿ ಬೋಳಾಗಿ ಉಳಿದರೆ ಅಲ್ಲಿ ಜಿಡ್ಡಿದೆ. ಬಿಯರ್ ಸುರಿದ ಮೇಲೂ ಗೊತ್ತಾಗುತ್ತದೆ: ಗುಳ್ಳೆಗಳು ಗೋಡೆಗೆ ಗುಂಪಾಗಿ ಕಚ್ಚಿಕೊಂಡಿದ್ದರೆ ಆ ಜಾಗ ಕೊಳೆ. ಗ್ಲಾಸನ್ನು ಫ್ರೀಜರಿನಲ್ಲಿ ಇಡಬೇಡಿ. ಒಳಗೆ ಕಟ್ಟಿದ ಹಿಮ ಬಿಯರನ್ನು ಉಕ್ಕಿಸುತ್ತದೆ, ಕರಗಿ ನೀರೂ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತರುವುದು ಬಿಸಿ-ತಂಪಿನ ಲೆಕ್ಕ. ಲಾಗರ್ 4ರಿಂದ 6 ಡಿಗ್ರಿ, ಅಂದರೆ ಫ್ರಿಜ್ಜಿನಿಂದ ನೇರ. ಹೂಗಾರ್ಡನ್ ಹದಿನೈದು ನಿಮಿಷ ಹೊರಗಿರಲಿ. ಸ್ಟೌಟಿಗೆ 8ರಿಂದ 12 ಡಿಗ್ರಿ ಬೇಕು, ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಗಿನ್ನೆಸ್‌ನ ಹಾಗೆ ಒಳಗೆ ಪ್ಲಾಸ್ಟಿಕ್ ಉಂಡೆ ಇರುವ ಕ್ಯಾನಾದರೆ ಮಾತ್ರ ತಣ್ಣಗಿರುವಾಗಲೇ ತೆರೆಯಬೇಕು, ಬೆಚ್ಚಗಿದ್ದರೆ ಉಕ್ಕಿ ಚೆಲ್ಲುತ್ತದೆ. ಒಂದೇ ಸಲಕ್ಕೆ ಜಗ್ಗಿಗೆ ಸುರಿದು, ಹಂಚಿ, ಗ್ಲಾಸಿನಲ್ಲೇ ಬೆಚ್ಚಗಾಗಲು ಬಿಡಿ. ಫ್ರಿಜ್ಜಿಗೆ ಹಾಕಲು ಮರೆತಿದ್ದರೆ ಬಕೆಟ್ಟಿನಲ್ಲಿ ಐಸು ಮತ್ತು ನೀರು ಸಮಸಮ ಹಾಕಿ ಮುಳುಗಿಸಿ. ಬರೀ ಐಸಿಗಿಂತ ಇದು ಬೇಗ, ಏಕೆಂದರೆ ನೀರು ಬಾಟಲಿಯನ್ನು ಎಲ್ಲ ಕಡೆ ಮುಟ್ಟುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ.

ಹೂಗಾರ್ಡನ್‌ನ ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಮಲಗಿಸಿ ನಿಧಾನಕ್ಕೆ ಎರಡು ಸಲ ಉರುಳಿಸಿ, ಕುಲುಕಬೇಡಿ. ಇಲ್ಲದಿದ್ದರೆ ಮೊದಲ ಗ್ಲಾಸಿನವರಿಗೆ ತಿಳಿ, ಕೊನೆಯವರಿಗೆ ಗಸಿ. ಇದಕ್ಕೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಪಕ್ಕದಲ್ಲಿ ಒಂದು ಕೊಡಗಿನ ಕಿತ್ತಳೆ ಇಟ್ಟುಕೊಳ್ಳಿ, ಸಿಪ್ಪೆಯನ್ನು ಉಗುರಿನಲ್ಲಿ ಗೀರಿ ಮೂಸಿ, ಎರಡು ಕೊತ್ತಂಬರಿ ಕಾಳು ಅಂಗೈಯಲ್ಲಿ ಉಜ್ಜಿ ಮೂಸಿ, ಆಮೇಲೆ ಗ್ಲಾಸಿಗೆ ಮೂಗಿಡಿ. ಎರಡರ ಪರಿಮಳವೂ ಬಿಡಿಬಿಡಿಯಾಗಿ ಮೂಗಿಗೆ ಸಿಗುತ್ತದೆ. ನಾಲ್ಕರಲ್ಲಿ ನನಗೆ ಪ್ರಿಯವಾದದ್ದು ಇದೇ. ಸ್ಟೌಟಿಗೂ ಹೀಗೇ, ಆಗ ತಾನೇ ಹುರಿದ ನಿಮ್ಮ ತೋಟದ ಕಾಫಿ ಪುಡಿ ಒಂದು ಚಮಚ ಪಕ್ಕದಲ್ಲಿರಲಿ. ಬಾರ್ಲಿಯನ್ನೂ ಕಾಫಿಯ ಹಾಗೆ ಕಪ್ಪಾಗುವವರೆಗೆ ಹುರಿಯುತ್ತಾರೆ, ಹಾಗಾಗಿಯೇ ಆ ನೆಂಟಸ್ತಿಕೆ.

ಒಂದು ಬಿಯರಿಗೂ ಇನ್ನೊಂದಕ್ಕೂ ನಡುವೆ ನೀರು, ಒಂದು ತುಂಡು ಅಕ್ಕಿರೊಟ್ಟಿ. ಖಾರದ ಚಿಪ್ಸು ಮುಟ್ಟಬೇಡಿ.

ಇನ್ನು ಪಂದಿಕರಿ. ಅದಕ್ಕೆ ಸ್ಟ್ರಾಂಗ್ ಹೊಂದುವುದಿಲ್ಲ, ಇದನ್ನು ನಾನು ಖಚಿತವಾಗಿ ಹೇಳುತ್ತೇನೆ. ಆಲ್ಕೋಹಾಲು ಕರಿಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಐಪಿಎ ಕೂಡ ಬೇಡ, ಕಹಿ ಮತ್ತು ಖಾರ ಒಂದರ ಮೇಲೊಂದು ಏರುತ್ತವೆ. ಸರಿಹೊಂದುವುದು ಸ್ಟೌಟ್. ಕಪ್ಪಗೆ ಹುರಿದ ಮಸಾಲೆಗೆ ಹುರಿದ ಬಾರ್ಲಿ ಕೂಡಿಕೊಳ್ಳುತ್ತದೆ, ಕಾಚಂಪುಳಿಯ (ಪಂದಿಕರಿಗೆ ಹಾಕುವ ಕಪ್ಪು ಹಣ್ಣಿನ ರಸ) ಹುಳಿಗೆ ಮಾಲ್ಟಿನ ಸಣ್ಣ ಸಿಹಿ ಆಸರೆಯಾಗುತ್ತದೆ. ಬೈಂಬಳೆ (ಕಳಲೆ) ಕರಿಯೂ ಇದ್ದರೆ ಅದಕ್ಕೆ ಹೂಗಾರ್ಡನ್. ಊಟಕ್ಕೆಂದು ಉಳಿಸಿದ ಬಾಟಲಿಗಳ ಬಾಯಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಗಂಟೆಯೊಳಗೆ ಬಡಿಸಿದರೆ ಗ್ಯಾಸ್ ಸಾಕಷ್ಟು ಉಳಿದಿರುತ್ತದೆ, ಬೆಳಗ್ಗೆವರೆಗೆ ಇಟ್ಟರೆ ಸಪ್ಪೆ.