ಪೊರಕೆ ಕಾರ್ಖಾನೆಯ ಕಡೇ ಕೋಣೆ

ಪ್ರಶ್ನೆ: ಮೇಡಂ, ನಾನೂ ಯಜಮಾನರೂ ಮೂರು ತಿಂಗಳ ಮಟ್ಟಿಗೆ ಬರ್ಲಿನ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಹಿಟ್ಲರ್ ಕಾಲದಲ್ಲಿ ಕೊಂದ ಯಹೂದಿಗಳ ದೊಡ್ಡ ಸ್ಮಾರಕ ನೋಡಿದೆವು. ಆ ಕಾಂಕ್ರೀಟ್ ದಿಮ್ಮಿಗಳ ನಡುವೆ ಅರ್ಧ ಗಂಟೆ ಓಡಾಡಿದೆ. ನಿಜ ಹೇಳಲಾ? ಏನೂ ಅನಿಸಲಿಲ್ಲ. ಹೊರಗೆ ಬಂದು ಐಸ್‌ಕ್ರೀಮ್ ತಿಂದೆವು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ನನ್ನ ಮನಸ್ಸು ಅಷ್ಟು ಕಲ್ಲಾಗಿದೆಯಾ? 11 ವರ್ಷದ ಮೊಮ್ಮಗಳಿಗೆ ಇಂಥದ್ದೆಲ್ಲ ತೋರಿಸಬಹುದಾ?
– ಹೆಸರು ಬೇಡ, ಊರು ದಾವಣಗೆರೆ

ಉತ್ತರ: ಕಲ್ಲಾದ ಮನಸ್ಸಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ಆ ಚಿಂತೆ ಬಿಡಿ.

ಅಲ್ಲಿ 2,711 ದಿಮ್ಮಿಗಳಿವೆ, ಒಂದರ ಮೇಲೂ ಹೆಸರಿಲ್ಲ. ಹೆಸರುಗಳೆಲ್ಲ ಕೆಳಗೆ, ನೆಲಮಾಳಿಗೆಯ ಮಾಹಿತಿ ಕೇಂದ್ರದಲ್ಲಿ. ನೀವು ಇಳಿದಿಲ್ಲ ಅಂತ ಕಾಣುತ್ತದೆ. ನಾನೂ ಇಳಿದಿರಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದಾಗ ಅಳಿಯ ಕರೆದುಕೊಂಡು ಹೋಗಿದ್ದ. ನನಗೆ ನೆನಪಿರುವುದು ಕಾಲು ನೋವು, ಮತ್ತೆ ದಿಮ್ಮಿಗಳ ಮಧ್ಯೆ ಕಣ್ಣಾಮುಚ್ಚಾಲೆ ಆಡುತ್ತಿದ್ದ ಮಕ್ಕಳು. ಅಷ್ಟೇ.

ನೀವು ಇನ್ನೊಂದು ಕಡೆ ಹೋಗಿ. ಹಾಕೆಶರ್ ಮಾರ್ಕ್ಟ್ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ರೋಸೆಂಥಾಲರ್ ಸ್ಟ್ರಾಸೆ ಎಂಬ ಬೀದಿ. 39ನೇ ನಂಬರು. ಒಳಗೆ ಕಿರಿದಾದ ಅಂಗಳ, ಗೋಡೆ ತುಂಬ ಹುಡುಗರು ಬಿಡಿಸಿದ ಬಣ್ಣಬಣ್ಣದ ಚಿತ್ರ. ತಪ್ಪು ಜಾಗಕ್ಕೆ ಬಂದೆನಾ ಅನಿಸುತ್ತದೆ, ಬಂದಿರುವುದಿಲ್ಲ. ಮೆಟ್ಟಿಲು ಹತ್ತಬೇಕು. ಟಿಕೆಟ್ ಇಲ್ಲ. ಅದು ಆಗ ಓಟ್ಟೊ ವೈಟ್ ಎಂಬಾತನ ಬ್ರಷ್ಷು, ಪೊರಕೆ ಮಾಡುವ ಕಾರ್ಖಾನೆ, ಈಗ ಮ್ಯೂಸಿಯಂ. ಕಾರ್ಖಾನೆ ಅಂದೆ, ಆದರೆ ಸಾಲಾಗಿರುವ ಕೆಲವು ಕೋಣೆ ಅಷ್ಟೇ. ಮಗಳು ಮಗುವನ್ನು ಮಲಗಿಸಿ, ಚೀಟಿಯಲ್ಲಿ ನಿಲ್ದಾಣದ ಹೆಸರು ಕನ್ನಡದಲ್ಲೇ ಬರೆದುಕೊಟ್ಟು, ಒಂದು ಮಧ್ಯಾಹ್ನ ನನ್ನನ್ನು ಒಬ್ಬಳೇ ಕಳಿಸಿದಳು.

ಈ ವೈಟ್ ಗೋಡೆಗೆ ಕಾಗದ ಅಂಟಿಸುವ ಕೆಲಸದವನು. ಕಣ್ಣು ಮಂಜಾಗುತ್ತಾ ಬಂದಾಗ ಬ್ರಷ್ ಕಟ್ಟುವುದನ್ನು ಕಲಿತ. ಯುದ್ಧದ ಹೊತ್ತಿನಲ್ಲಿ ಅವನ ಬಳಿ ಕೆಲಸಕ್ಕಿದ್ದವರು ಸುಮಾರು 30 ಮಂದಿ. ಹೆಚ್ಚಿನವರು ಯಹೂದಿಗಳು, ಕಣ್ಣು ಕಾಣದವರು, ಕೆಲವರಿಗೆ ಕಿವಿ ಕೇಳದು. ಅವನ ದೊಡ್ಡ ಗಿರಾಕಿ ಯಾರು ಗೊತ್ತಾ? ಜರ್ಮನ್ ಸೇನೆ. ಸೇನೆಗೆ ಮಾಲು ಕೊಡುವ ಕಾರ್ಖಾನೆ ಅಂತ ಹೇಳಿಕೊಂಡೇ ಅವರನ್ನು ಉಳಿಸಿಕೊಳ್ಳುತ್ತಿದ್ದ. ಬ್ರಷ್ಷಿಗೆ ಆಗ ಬರ. ಒಂದಷ್ಟನ್ನು ಕಳ್ಳಸಂತೆಯಲ್ಲಿ ಮಾರಿ ಅವರಿಗೆ ಊಟ ಹೊಂದಿಸುತ್ತಿದ್ದ, ಗೆಸ್ಟಾಪೊ ಅನ್ನುವ ಹಿಟ್ಲರನ ಗುಪ್ತ ಪೊಲೀಸರಿಗೆ ಲಂಚ ತಿನ್ನಿಸುತ್ತಿದ್ದ. ಒಮ್ಮೆ ಕೆಲಸಗಾರರನ್ನು ಹಿಡಿದುಕೊಂಡು ಹೋದಾಗ, ತಾನೇ ಹೋಗಿ ಬಿಡಿಸಿಕೊಂಡು ಬಂದ. ಲಂಚ ಕೊಟ್ಟವನ ಬಗ್ಗೆ ಇಷ್ಟು ಗೌರವ ನನಗೆ ಇನ್ನೆಲ್ಲೂ ಬಂದಿಲ್ಲ ಬಿಡಿ.

ಪೊರಕೆ ಅಂದರೆ ನಮಗೆ ಗೊತ್ತಲ್ವಾ? ತೆಂಗಿನ ಗರಿ ಸೀಳಿ, ಕಡ್ಡಿ ಹೆರೆದು, ಕಟ್ಟುವುದು. ನಮ್ಮಜ್ಜಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಆದರೂ ಜಗಲಿಯ ಮೇಲೆ ಕೂತು ಬೆರಳಲ್ಲೇ ಅಳೆದು ಕಡ್ಡಿ ಜೋಡಿಸುತ್ತಿದ್ದರು. ಅಲ್ಲಿ ಆ ಬ್ರಷ್ಷುಗಳ ಮುಂದೆ ನಿಂತಾಗ ನನಗೆ ಬೇಡವೆಂದರೂ ಅಜ್ಜಿಯ ಬೆರಳೇ ಕಂಡವು. ಆಮೇಲೆ ಗೋಡೆಯ ಮೇಲಿನ ಗುಂಪು ಫೋಟೊ ನೋಡಿದೆ. ಕೆಲಸಗಾರರೆಲ್ಲ ಸಾಲಾಗಿ ನಿಂತಿದ್ದಾರೆ. ಸುಮಾರು ಹೊತ್ತು ಅಲ್ಲೇ ಇದ್ದೆ.

ಕಡೆಯ ಕೋಣೆಗೆ ಕಿಟಕಿ ಇಲ್ಲ. ಆಗ ಅದರ ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬೀರು ಇಟ್ಟಿದ್ದರು. ನೇತುಹಾಕಿದ ಬಟ್ಟೆ ಸರಿಸಿ, ಬೀರುವಿನ ಹಿಂಬದಿಯಿಂದ ನುಸುಳಬೇಕು. ಹಾರ್ನ್ ಅನ್ನುವ ಸಂಸಾರ, ಗಂಡ ಹೆಂಡತಿ ಇಬ್ಬರು ಮಕ್ಕಳು, 1943ರಲ್ಲಿ ತಿಂಗಳುಗಟ್ಟಲೆ ಅದರೊಳಗೆ ಇದ್ದರು. ನಾನು ಒಳಗೆ ಹೋಗಿ ಒಂದರಿಂದ ಅರವತ್ತು ಎಣಿಸೋಣ ಅಂದುಕೊಂಡೆ. ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ ಹೊರಗೆ ಬಂದುಬಿಟ್ಟೆ.

ಅದೇ ಅಕ್ಟೋಬರ್‌ನಲ್ಲಿ ಅವರು ಸಿಕ್ಕಿಬಿದ್ದರು. ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಆಶ್ವಿಟ್ಜ್ ಶಿಬಿರಕ್ಕೆ ಕಳಿಸಿದರು. ಕೆಲಸಗಾರರಲ್ಲಿ ಬಹಳಷ್ಟು ಜನರನ್ನು ಅದಕ್ಕೂ ಮುಂಚೆಯೇ ಒಯ್ದಿದ್ದರು. ಇದನ್ನು ಒಳ್ಳೆಯವನೊಬ್ಬ ಎಲ್ಲರನ್ನೂ ಉಳಿಸಿದ ಕಥೆ ಅಂತ ಮೊಮ್ಮಗಳಿಗೆ ಹೇಳಬೇಡಿ. ಉಳಿದವರು ಬೆರಳೆಣಿಕೆ. ಕಚೇರಿಯಲ್ಲಿದ್ದ ಇಂಗೆ ಡಾಯ್ಚ್‌ಕ್ರೋನ್ ಬರ್ಲಿನ್‌ನಲ್ಲೇ ತಾಯಿಯೊಡನೆ ಅಡಗಿ ಉಳಿದರು, 2022ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬಳು ಆಲಿಸ್ ಲಿಕ್ಟ್. ಆಶ್ವಿಟ್ಜ್‌ಗೆ ಸಾಗಿಸುವಾಗ ರೈಲಿನಿಂದ ಒಂದು ಕಾರ್ಡು ಬರೆದು ಎಸೆದಳು. ಯಾರೋ ಪುಣ್ಯಾತ್ಮರು ಅದನ್ನು ಅಂಚೆಗೆ ಹಾಕಿದರು. ಅರ್ಧ ಕುರುಡ ವೈಟ್ ಅವಳನ್ನು ಹುಡುಕಿಕೊಂಡು ಆಶ್ವಿಟ್ಜ್‌ವರೆಗೆ ಹೋದ! ಅವಳು ಬೇರೆ ಶಿಬಿರದಲ್ಲಿದ್ದಾಳೆ ಅಂತ ಪತ್ತೆ ಮಾಡಿ, ಅದರ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಬಟ್ಟೆ, ಔಷಧಿ ಇಡಿಸಿದ. 1945ರ ಜನವರಿಯಲ್ಲಿ ಅವಳು ತಪ್ಪಿಸಿಕೊಂಡು ಬರ್ಲಿನ್ ಸೇರಿದಳು. ಅವಳ ಅಪ್ಪ ಅಮ್ಮ ಬರಲಿಲ್ಲ. ವೈಟ್ 1947ರಲ್ಲಿ ಸತ್ತ.

ಮೊಮ್ಮಗಳನ್ನು ಕರೆದುಕೊಂಡು ಹೋಗಬಹುದು. ಹೆಣದ ರಾಶಿಯ ಫೋಟೊ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೂ ಮೊದಲು ನೀವಿಬ್ಬರೇ ಹೋಗಿ ಬನ್ನಿ, ಆಮೇಲೆ ಅವಳನ್ನು. ಅದೇ ಅಂಗಳದಲ್ಲಿ ಆನ್ ಫ್ರಾಂಕ್ ಕೇಂದ್ರವೂ ಇದೆ, ಅಡಗಿದ್ದಾಗ ಡೈರಿ ಬರೆದ ಯಹೂದಿ ಹುಡುಗಿಯ ಹೆಸರಿನದು. ಒಂದೇ ದಿನ ಎರಡೂ ಬೇಡ, ಮಗು ಸುಸ್ತಾಗುತ್ತದೆ, ನಿಮಗೂ ಜಾಸ್ತಿಯಾಗುತ್ತದೆ.

ಕಡೇ ಕೋಣೆಯಲ್ಲಿ ಅವಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾಳೆ: ಹಿಡಿದುಕೊಟ್ಟವರು ಯಾರು? ತಯಾರಾಗಿರಿ. ಗೆಸ್ಟಾಪೊಗೆ ಸುದ್ದಿ ಕೊಟ್ಟವನೂ ಯಹೂದಿಯೇ. ಅಡಗಿದವರನ್ನು ಹುಡುಕಿಕೊಟ್ಟಷ್ಟು ದಿನ ಅಂಥವರನ್ನು ರೈಲು ಹತ್ತಿಸುತ್ತಿರಲಿಲ್ಲ. ನನ್ನ ಮಗಳು ಅವತ್ತು ರಾತ್ರಿ ಇದನ್ನೇ ಕೇಳಿದಳು. ನಾನು ಹೇಳಿದೆ. ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.