ಸ್ಟೋಮಾ ಬ್ಯಾಗ್ ಲೀಕ್ ಆಗ್ತಿದ್ರೆ ಸಹಿಸ್ಕೊಂಡು ಕೂರ್ಬೇಡಿ

ಪ್ರಶ್ನೆ: ಅಪ್ಪನಿಗೆ 61 ವರ್ಷ, ಮಲ್ಪೆಯಲ್ಲಿ ಬೋಟ್ ಕೆಲಸಕ್ಕೆ ಹೋಗ್ತಿದ್ರು. ಎರಡು ತಿಂಗಳ ಹಿಂದೆ ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ ಇಲಿಯೋಸ್ಟೊಮಿ ಮಾಡಿದ್ದಾರೆ (ಸಣ್ಣ ಕರುಳನ್ನು ಹೊಟ್ಟೆ ಮೇಲೆ ಹೊರಗೆ ತಂದು, ಆ ಬಾಯಿಗೆ ಅಂದ್ರೆ ಸ್ಟೋಮಾಕ್ಕೆ ಮಲ ಬೀಳೋಕೆ ಬ್ಯಾಗ್ ಅಂಟಿಸೋದು). ಬ್ಯಾಗ್ ದಿನಾ ಲೀಕ್ ಆಗ್ತದೆ, ಸುತ್ತ ಚರ್ಮ ಸುಟ್ಟ ಹಾಗೆ ಉರೀತದಂತೆ. ಬ್ಯಾಗ್ ತುಂಬ್ತದೆ ಅಂತ ಹೆದ್ರಿ ಊಟ ನೀರು ಎರಡೂ ಕಮ್ಮಿ ಮಾಡಿದ್ದಾರೆ. ಇದಕ್ಕೆ ಬೆಂಗಳೂರಿಗೇ ಹೋಗ್ಬೇಕಾ ಡಾಕ್ಟ್ರೇ?
– ಓದುಗರು, ಉಡುಪಿ

ಉತ್ತರ: ಮೊದ್ಲು ನೀರಿನ ವಿಷಯ, ನಂಗೆ ಲೀಕ್‌ಗಿಂತ ಜಾಸ್ತಿ ಭಯ ಇರೋದು ಅದ್ರದ್ದೇ. ಊಟದ ನೀರು, ಉಪ್ಪನ್ನು ಕೊನೆಗೆ ಹೀರ್ಕೊಳ್ಳೋದು ದೊಡ್ಡ ಕರುಳು, ಇಲಿಯೋಸ್ಟೊಮಿ ಆದವರಲ್ಲಿ ಮಲ ಅಲ್ಲಿಗೆ ಹೋಗೋದೇ ಇಲ್ಲ, ಹಾಗಾಗಿ ನೀರು ಬಿಟ್ರೆ ಬ್ಯಾಗ್ ಖಾಲಿ ಇರೋದಿಲ್ಲ, ಕಿಡ್ನಿ ಸೋಲ್ತದೆ ಅಷ್ಟೆ. ಬರೀ ನೀರೂ ಸಾಲದು, ಓಆರ್‌ಎಸ್ ಕೊಡಿ, ಗಂಜಿಗೆ ಉಪ್ಪು ಹಾಕಿ (ಬಿಪಿ, ಕಿಡ್ನಿ ತೊಂದ್ರೆ ಇದ್ರೆ ಡಾಕ್ಟ್ರನ್ನು ಕೇಳಿಯೇ). ಎಳನೀರು ಕುಡೀಲಿ, ಆದ್ರೆ ಅದ್ರಲ್ಲಿ ಸೋಡಿಯಂ ಕಮ್ಮಿ, ಅದೊಂದನ್ನೇ ನಂಬ್ಬೇಡಿ. ಖಾಲಿ ಮಾಡುವಾಗ ಒಂದು ಜಗ್ಗಲ್ಲಿ ಅಳೆದು ಬರೆದಿಡಿ. ದಿನಕ್ಕೆ ಒಂದೂವರೆ ಲೀಟರ್ ದಾಟಿದ್ರೆ, ಮೂತ್ರ ಕಮ್ಮಿಯಾಗಿ ಕಡು ಹಳದಿ ಆದ್ರೆ, ಎದ್ದು ನಿಂತಾಗ ತಲೆ ತಿರುಗಿದ್ರೆ ಅದೇ ದಿನ ಆಸ್ಪತ್ರೆಗೆ.

ಇನ್ನು ಚರ್ಮ. ಆಪರೇಷನ್ ಆದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿರ್ತದೆ, ಆರೆಂಟು ವಾರದಲ್ಲಿ ಸಣ್ಣದಾಗ್ತದೆ. ಎಷ್ಟೋ ಮನೆಗಳಲ್ಲಿ ಡಿಸ್ಚಾರ್ಜ್ ದಿನ ತೋರಿಸಿಕೊಟ್ಟ ಅಳತೆಗೇ ಪ್ಲೇಟ್ (ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಭಾಗ) ಕತ್ತರಿಸ್ತಾ ಇರ್ತಾರೆ, ನಿಮ್ಮಲ್ಲೂ ಹಾಗೇ ಆಗಿರ್ಬಹುದು. ತೂತು ದೊಡ್ಡದಾದ್ರೆ ಸುತ್ತ ಚರ್ಮ ತೆರೆದು ಉಳೀತದೆ, ಸಣ್ಣ ಕರುಳಿನ ನೀರಲ್ಲಿ ಜೀರ್ಣ ಮಾಡುವ ರಸ ಉಂಟು, ಅದು ಚರ್ಮವನ್ನೂ ತಿನ್ತದೆ. ಸ್ಟೋಮಾ ಅಳೆಯುವ ಕಾರ್ಡ್ ಇಟ್ಟು ಮತ್ತೆ ನೋಡಿ, ತೂತು ಸ್ಟೋಮಾಕ್ಕಿಂತ 2 ಮಿ.ಮೀ. ಅಷ್ಟೇ ದೊಡ್ಡದಿರ್ಲಿ. ಉರೀತದೆ ಅಂತ ತೆಂಗಿನೆಣ್ಣೆ ಹಚ್ಬೇಡಿ, ಪ್ಲೇಟ್ ಅಂಟೋದೇ ಇಲ್ಲ. ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ ಅಂಟಿಸಿ, ನಮ್ಮ ಕರಾವಳಿ ಸೆಕೆಗೆ ಬೆವರೇ ಅರ್ಧ ತೊಂದ್ರೆ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗ್ಲೇ ಖಾಲಿ ಮಾಡಿ.

ಬೆಂಗಳೂರು ಬೇಡ. ನಿಮ್ಗೆ ಬೇಕಾದದ್ದು ಸ್ಟೋಮಾ ನೋಡ್ಕೊಳ್ಳೋಕೆ ತರಬೇತಿ ಆದ ನರ್ಸ್. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ ಹೆಸರಿಟ್ಟೇ ಕೇಳಿ, "ಸ್ಟೋಮಾ ನರ್ಸ್ ಇದ್ದಾರಾ, ಯಾವ ದಿನ ಸಿಗ್ತಾರೆ" ಅಂತ. ಇಲ್ಲ ಅಂದ್ರೆ ಮಣಿಪಾಲ ಅಥವಾ ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸರ್ಜರಿ ವಿಭಾಗದಲ್ಲಿ ವಿಚಾರಿಸಿ, ಮುಂದಿನ ಚೆಕಪ್ ತಾರೀಕು ಬರ್ಲಿ ಅಂತ ಕಾಯ್ಬೇಡಿ. ಹೋಗುವಾಗ ಕಿತ್ತು ತೆಗೆದ ಪ್ಲೇಟನ್ನು ಬಿಸಾಡದೆ ಕವರಲ್ಲಿ ಹಾಕಿ ತಗೊಂಡು ಹೋಗಿ. ಅದ್ರ ಹಿಂಬದಿ ಯಾವ ಕಡೆ ಕರಗಿದೆ ಅಂತ ನೋಡಿದ್ರೆ ಲೀಕ್ ಎಲ್ಲಿಂದ ಅಂತ ಗೊತ್ತಾಗ್ತದೆ. ಅಪ್ಪ ಕೂತಾಗ ಹೊಟ್ಟೆ ಮಡಚಿ ಅಲ್ಲಿ ಗುಳಿ ಬೀಳ್ತಿದ್ರೆ ಚರ್ಮದ ಕಡೆಗೆ ಉಬ್ಬಿರುವ ಪ್ಲೇಟ್ ಬೇಕಾಗ್ಬಹುದು, ಅದನ್ನು ನರ್ಸೇ ನೋಡಿ ಹೇಳ್ಬೇಕು, ಅಂದಾಜಿಗೆ ತರಿಸ್ಬೇಡಿ.

ಸ್ಟೋಮಾ ಕೆಂಪಗೆ, ಒದ್ದೆಯಾಗಿದ್ರೆ ಸರಿ, ಒರೆಸುವಾಗ ಚೂರು ರಕ್ತ ಬಂದ್ರೂ ಹೆದರ್ಬೇಡಿ. ಕಪ್ಪು, ನೇರಳೆ ಆದ್ರೆ, ಅಥವಾ ಹೊಟ್ಟೆನೋವು ವಾಂತಿ ಜೊತೆ ಬ್ಯಾಗಿಗೆ ಏನೂ ಬರೋದು ನಿಂತ್ರೆ ರಾತ್ರಿಯಾದ್ರೂ ಹೊರಡಿ.

ಇನ್ನೊಂದು, ಈ ಆಪರೇಷನ್‌ನಲ್ಲಿ ಇಲಿಯೋಸ್ಟೊಮಿ ಎಷ್ಟೋ ಸಲ ತಾತ್ಕಾಲಿಕ, ಕೆಲವು ತಿಂಗಳು ಬಿಟ್ಟು ಮುಚ್ತಾರೆ. ಅಪ್ಪನದ್ದು ಹಾಗಾ ಅಲ್ವಾ ಅಂತ ಸರ್ಜನ್ ಹತ್ರ ನೇರ ಕೇಳಿ, ಅಪ್ಪನ ಎದುರಲ್ಲೇ ಕೇಳಿ. ಬೋಟಲ್ಲಿ ಬಲೆ ಎಳೆಯೋದು, ಭಾರ ಎತ್ತೋದು ಯಾವಾಗಿಂದ ಅಂತಲೂ ಅವರೇ ಹೇಳ್ಲಿ, ಅವಸರ ಮಾಡಿದ್ರೆ ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಬರ್ಬಹುದು.