ಸ್ಟಾಲ್ ಹಾಕೋದಕ್ಕೆ ಮೊದಲು ಒಮ್ಮೆ ನೋಡಿಕೊಂಡು ಬನ್ನಿ

ಪ್ರಶ್ನೆ: ಮೇಡಂ, ನಾನು, ನನ್ನ ತಮ್ಮ ಸೇರಿ ಮರದ ಆಟಿಕೆ ಮಾಡುತ್ತೇವೆ. ಜೊತೆಗೆ ನಾಲ್ಕು ಜನ ಕೆಲಸಗಾರರಿದ್ದಾರೆ. ಈವರೆಗೆ ಬಂದ ಗಿರಾಕಿಗಳೆಲ್ಲ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರೇ. ಈಗ ಒಂದು ಟ್ರೇಡ್ ಶೋನವರು ಮೂರು ದಿನಕ್ಕೆ ಸ್ಟಾಲ್ ತಗೊಳ್ಳಿ ಅಂತ ಪದೇ ಪದೇ ಫೋನ್ ಮಾಡುತ್ತಿದ್ದಾರೆ. ಬಾಡಿಗೆಯೇ ನಾವು ಕೊಡುವ ಎರಡು ತಿಂಗಳ ಸಂಬಳದಷ್ಟಿದೆ. ತಮ್ಮ ಹೋಗೋಣ ಅಂತಾನೆ. ನನಗೆ ಧೈರ್ಯ ಸಾಲುತ್ತಿಲ್ಲ. ನಮ್ಮಂಥ ಸಣ್ಣವರಿಗೆ ಇದು ಸರಿಹೋಗುತ್ತಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಮೊದಲ ಸ್ಟಾಲ್ ಕಣ್ಣ ಮುಂದೆ ಬಂತು. ನನ್ನದು ಚರ್ಮದ ಚೀಲ ಹೊಲಿಯುವ ಸಣ್ಣ ಘಟಕ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗದಲ್ಲಿ ಮೂರು ದಿನ ನಿಂತು ಕಾಲು ಊದಿಕೊಂಡಿತ್ತು. ಕೊನೆಗೆ ಒಂದು ಕವರ್ ತುಂಬ ವಿಸಿಟಿಂಗ್ ಕಾರ್ಡ್ ಸಿಕ್ಕವು. ವಾಪಸ್ ಬಂದರೆ ಹಳೆಯ ಆರ್ಡರ್‌ಗಳೇ ರಾಶಿ ಬಿದ್ದಿದ್ದವು. ಕವರ್ ಕಪಾಟಿನ ಮೇಲೆ ಹೋಯಿತು.

ಒಂದೂವರೆ ತಿಂಗಳ ಮೇಲೆ ಬಿಚ್ಚಿದೆ. ಯಾರು ಏನು ಕೇಳಿದ್ದರು ಅನ್ನೋದು ಒಂದೂ ನೆನಪಿಲ್ಲ. ಒಂದೇ ಒಂದು ಕಾರ್ಡಿನ ಹಿಂದೆ ನನ್ನ ಕೈಬರಹದಲ್ಲಿ ‘ಕಂದು, 60, ಜಿಪ್ ಒಳಗಡೆ’ ಅಂತ ಇತ್ತು. ಫೋನ್ ಮಾಡಿದೆ. ‘ನೀವು ಮಾಡ್ತೀರಿ ಅಂತ ಕಾದ್ವಿ, ಆಮೇಲೆ ಬೇರೆಯವರ ಹತ್ತಿರ ತಗೊಂಡ್ವಿ’ ಅಂದರು. ಆ 60 ಚೀಲ ಈಗಲೂ ನನ್ನನ್ನು ಚುಚ್ಚುತ್ತೆ.

ಅದಕ್ಕೇ ನಿಮ್ಮನ್ನು ಮೊದಲು ಕೇಳುವುದು ಇದನ್ನು: ಶೋ ಮುಗಿದ ಮರುದಿನ ಫೋನ್ ಹಿಡಿದು ಕೂರುವವರು ಯಾರು? ಅಕ್ಕ ತಮ್ಮ ಇಬ್ಬರೂ ಮೂರು ದಿನ ಸ್ಟಾಲಿನಲ್ಲಿ, ಆಮೇಲೆ ಒಂದು ವಾರ ಫೋನು, ಸ್ಯಾಂಪಲ್ಲು ಅಂತ ಓಡಾಡಿದರೆ ಒಪ್ಪಿಕೊಂಡ ಕೆಲಸ ಮುಗಿಸುವವರು ಬೇಕಲ್ವಾ? ಇದಕ್ಕೆ ಉತ್ತರ ಸಿಗದಿದ್ದರೆ ಬಾಡಿಗೆ ಅರ್ಧಕ್ಕೆ ಇಳಿಸಿದರೂ ಹೋಗಬೇಡಿ.

ಖರ್ಚಿನ ಲೆಕ್ಕವನ್ನೂ ಬಾಡಿಗೆಗೆ ನಿಲ್ಲಿಸಬೇಡಿ. ಸಾಗಾಟ, ಮೇಜು, ದೀಪ, ಕರೆಂಟು, ಬ್ಯಾನರ್, ಊಟ, ವಸತಿ, ಆ ದಿನಗಳಲ್ಲಿ ನಿಂತುಹೋದ ಕೆಲಸ ಎಲ್ಲ ಸೇರಿ ನನಗೆ ಬಾಡಿಗೆಯ ಮೂರು ಪಟ್ಟು ಆಗಿತ್ತು. ಆ ಮೊತ್ತವನ್ನು ಒಂದು ಆರ್ಡರ್‌ನಲ್ಲಿ ನಿಮಗೆ ಉಳಿಯುವ ಲಾಭದಿಂದ ಭಾಗಿಸಿ. 40 ಆರ್ಡರ್ ಬೇಕು ಅಂತ ಬಂತು ಅಂದುಕೊಳ್ಳಿ. ದಿನಕ್ಕೆ ಆರು ಗಂಟೆ ಜನ ಬರುತ್ತಾರೆ, ಒಬ್ಬರ ಜೊತೆ ಕಾಲು ಗಂಟೆ ಮಾತು, ನೀವು ಇಬ್ಬರು. ಮೂರು ದಿನಕ್ಕೆ ಹೆಚ್ಚೆಂದರೆ 144 ಜನ. ಅದೂ ಉಸಿರಾಡಲು ಬಿಡುವಿಲ್ಲದೆ ಮಾತಾಡಿದರೆ. ಅವರಲ್ಲಿ 40 ಜನ ಕೊಳ್ಳುತ್ತಾರೆ ಅಂತ ನನಗೆ ಅನ್ನಿಸೋದಿಲ್ಲ. ನಾಲ್ಕೈದು ಆರ್ಡರ್‌ಗೆ ಖರ್ಚು ಹುಟ್ಟುತ್ತೆ ಅಂತ ಬಂದರೆ ಮಾತೇ ಬೇರೆ.

ಇನ್ನೊಂದು ವಿಷಯ. ಟ್ರೇಡ್ ಶೋ ಸಂತೆಯಂತಲ್ಲ. 1895ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನೂರಾರು ವರ್ಷಗಳ ಹಳೆಯ ಸಂತೆಯನ್ನು ಸ್ಯಾಂಪಲ್ ಮೇಳವಾಗಿ ಮಾಡಿದರು. ಅಷ್ಟೊತ್ತಿಗೆ ರೈಲು ಬಂದಿತ್ತು, ಕಾರ್ಖಾನೆಗಳಲ್ಲಿ ಒಂದೇ ಥರದ ಮಾಲು ತಯಾರಾಗುತ್ತಿತ್ತು. ಗಾಡಿಗಟ್ಟಲೆ ಮಾಲು ಹೊತ್ತು ತರೋದು ಯಾಕೆ? ಒಂದು ಸ್ಯಾಂಪಲ್ ತೋರಿಸಿ, ಆರ್ಡರ್ ಬರೆದುಕೊಂಡು, ಆಮೇಲೆ ಕಳಿಸಿದರಾಯಿತು. ಇವತ್ತಿಗೂ ನಡೆಯೋದು ಹೆಚ್ಚುಕಡಿಮೆ ಹಾಗೇ. ಅಲ್ಲಿ ಬರುವವರು ಒಂದು ಆಟಿಕೆ ಕೊಳ್ಳುವ ತಾಯಿ ತಂದೆ ಅಲ್ಲ, ಅಂಗಡಿಗೆ, ಶಾಲೆಗೆ ಮಾಲು ತರಿಸುವವರು. ಆಟಿಕೆಯನ್ನು ತಿರುಗಿಸಿ ಅಂಚಿಗೆ ಬೆರಳು ಹಚ್ಚಿ ನೋಡುತ್ತಾರೆ. ಆಮೇಲೆ, ಬಣ್ಣದಲ್ಲಿ ಸೀಸ ಇಲ್ಲ ಅನ್ನೋ ಪರೀಕ್ಷೆಯ ಕಾಗದ ಇದೆಯಾ, 500 ಕೊಡೋಕೆ ಎಷ್ಟು ದಿನ ಬೇಕು, ಒಡೆದರೆ ಬದಲಾಯಿಸಿ ಕೊಡ್ತೀರಾ ಅಂತ ಕೇಳುತ್ತಾರೆ. ಥಟ್ಟನೆ ಉತ್ತರ ಬಂದರೆ ನಿಮಗೆ ಅಲ್ಲಿ ಜಾಗ ಇದೆ. ಮರದ ಆಟಿಕೆ ಕೈಯಲ್ಲಿ ಹಿಡಿದರೇನೇ ಅದರ ಬೆಲೆ ಗೊತ್ತಾಗೋದು. ಆ ಮಟ್ಟಿಗೆ ನಿಮ್ಮ ತಮ್ಮನ ಮಾತು ಸರಿ.

ಆದರೂ ಈ ಸಲ ಸ್ಟಾಲ್ ಬೇಡ. ಇಬ್ಬರೂ ಸುಮ್ನೆ ನೋಡಲು ಹೋಗಿ. ಎರಡನೇ ದಿನ ಮಧ್ಯಾಹ್ನ, ಉತ್ಸಾಹ ಇಳಿದ ಹೊತ್ತಿನಲ್ಲಿ ಹೋಗಿ. ನಿಮ್ಮಷ್ಟೇ ದೊಡ್ಡ ಸ್ಟಾಲ್ ಎದುರು ಅರ್ಧ ಗಂಟೆ ನಿಂತು ಯಾರು ನಿಲ್ಲುತ್ತಾರೆ, ಯಾರು ಪೆನ್ನು ಕೇಳುತ್ತಾರೆ ನೋಡಿ. ಗಿರಾಕಿ ಇಲ್ಲದಾಗ ಸ್ಟಾಲಿನವರನ್ನು ಮಾತಾಡಿಸಿ. ‘ಕಳೆದ ಸಲವೂ ಬಂದಿದ್ರಾ? ಮುಂದಿನ ಸಲ ಬರ್ತೀರಾ?’ ಎರಡೇ ಪ್ರಶ್ನೆ. ಸಣ್ಣವರು ಮತ್ತೆ ಮತ್ತೆ ಬರುತ್ತಿದ್ದಾರೆ ಅಂದರೆ ಅಲ್ಲಿ ಅವರಿಗೆ ಏನೋ ಗಿಟ್ಟುತ್ತಿದೆ. ಆದರೆ ಬೇರೆಯವರ ಸ್ಟಾಲಿನಲ್ಲಿ ನಿಂತು ನಿಮ್ಮ ಮಾಲು ತೋರಿಸಬೇಡಿ. ದುಡ್ಡು ಕೊಟ್ಟು ನಿಂತವರಿಗೆ ಹೊಟ್ಟೆ ಉರಿಯುತ್ತೆ.

ಫೋನ್ ಮಾಡುತ್ತಿರುವವರಿಗೆ, ಕಳೆದ ಎರಡು ಸಲದ ಸ್ಟಾಲಿನವರ ಪಟ್ಟಿ ಕಳಿಸಿ ಅನ್ನಿ. ಎರಡರಲ್ಲೂ ಇರುವ ಸಣ್ಣ ಹೆಸರುಗಳಿಗೆ ಗೆರೆ ಎಳೆದು ಅವರಿಗೆ ಫೋನ್ ಮಾಡಿ. ಪಟ್ಟಿ ಕೊಡೋದಿಲ್ಲ, ಇವತ್ತೇ ಅಡ್ವಾನ್ಸ್ ಕೊಡಿ ಅಂದರೆ ಅಲ್ಲಿಗೆ ಮಾತು ಮುಗಿಸಿ. ಸ್ಟಾಲಿಗೆ ಹಾಕಬೇಕಿದ್ದ ದುಡ್ಡಿನಲ್ಲಿ ಒಂದು ಪಾಲು ತೆಗೆದು 20 ಸ್ಯಾಂಪಲ್ ಪೆಟ್ಟಿಗೆ ಮಾಡಿ, ನೀವೇ ಆರಿಸಿದ 20 ಶಾಲೆಗಳಿಗೆ ಕೊಟ್ಟು ಬನ್ನಿ. ವಾರದೊಳಗೆ ಪ್ರತಿಯೊಬ್ಬರಿಗೂ ಫೋನ್ ಹೋಗಲಿ. ಆ ಒಂದು ವಾರ ಹೇಗೆ ಕಳೆಯಿತು ಅಂತ ನನಗೆ ಬರೆಯಿರಿ. ಸ್ಟಾಲಿನ ವಿಷಯ ಆಮೇಲೆ ಮಾತಾಡೋಣ.